ಓಡುವುದು ನಿಮ್ಮ ಸ್ಕ್ರಿಪ್ಟ್, ಕಾಣುವುದು ಪೈಥಾನ್

ರಾತ್ರಿಯ ಬ್ಯಾಕಪ್‌ಗೆಂದು ಬರೆದ ಪೈಥಾನ್ ಸ್ಕ್ರಿಪ್ಟ್ ಲಿನಕ್ಸ್ ಸರ್ವರ್‌ನಲ್ಲಿ ಓಡುತ್ತಿದೆ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ 'ಟಾಪ್' ತೆರೆದರೆ ಆ ಹೆಸರೇ ಇಲ್ಲ. 'ಪೈಥಾನ್3' ಎಂಬ ಒಂದಷ್ಟು ಸಾಲುಗಳಿವೆ, ಅಷ್ಟೆ. ಟಾಪ್ ತೋರಿಸುವುದು ಕರ್ನಲ್ (ಲಿನಕ್ಸ್‌ನ ತಿರುಳು) ಓಡುತ್ತಿರುವ ಪ್ರತಿ ಪ್ರೋಸೆಸ್‌ಗೂ ಇಟ್ಟಿರುವ 'ಕಾಮ್' ಎಂಬ ಗಿಡ್ಡ ಹೆಸರನ್ನು. ಪ್ರೋಗ್ರಾಂ ಓಡಿಸಲು ಕರ್ನಲ್‌ಗೆ ಮಾಡುವ 'ಎಕ್ಸೆಕ್' ಕರೆಯಲ್ಲಿ ಯಾವ ಫೈಲನ್ನು ಓಡಿಸು ಎಂದು ಕೇಳಿದ್ದರೋ ಆ ಫೈಲಿನ ಹೆಸರೇ ಕಾಮ್ ಆಗುತ್ತದೆ.

ಆದ್ದರಿಂದ ಎಲ್ಲವೂ ಓಡಿಸಿದ ಬಗೆಯ ಮೇಲೆ ನಿಂತಿದೆ. ಪೈಥಾನ್3 ಎಂದು ಟೈಪಿಸಿ ಮುಂದೆ ಸ್ಕ್ರಿಪ್ಟಿನ ಹೆಸರು ಕೊಟ್ಟರೆ, ಕರ್ನಲ್ ಕಣ್ಣಿಗೆ ಸ್ಕ್ರಿಪ್ಟ್ ಬರೀ ಆರ್ಗ್ಯುಮೆಂಟ್, ಅಂದರೆ ಪೈಥಾನ್3ಗೆ ಕೊಟ್ಟ ಮಾಹಿತಿ; ಕಾಮ್ ಆಗುವುದು ಪೈಥಾನ್3. ಸ್ಕ್ರಿಪ್ಟಿಗೇ ಎಕ್ಸಿಕ್ಯೂಟ್ ಅನುಮತಿ ಕೊಟ್ಟು, ಮೊದಲ ಸಾಲಿನಲ್ಲಿ '#!' ಹಾಕಿ ಪೈಥಾನ್‌ನ ಪೂರ್ಣ ಪಾತ್ ಬರೆದು ನೇರವಾಗಿ ಓಡಿಸಿದರೆ ಕಾಮ್‌ನಲ್ಲಿ ಸ್ಕ್ರಿಪ್ಟಿನ ಹೆಸರೇ ಉಳಿಯುತ್ತದೆ. ಅದೇ ಸಾಲಿನಲ್ಲಿ, ಪ್ರೋಗ್ರಾಂ ಎಲ್ಲಿದೆಯೆಂದು ಹುಡುಕಿ ಓಡಿಸುವ 'ಎನ್ವ್' ಮೂಲಕ ಪೈಥಾನ್ ಕರೆದಿದ್ದರೆ ಕತೆ ಬೇರೆ: ಎನ್ವ್ ಮತ್ತೊಮ್ಮೆ ಎಕ್ಸೆಕ್ ಮಾಡುತ್ತದೆ, ಹೆಸರು ಅಳಿಸಿ ಪೈಥಾನ್3 ಆಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಕಾಮ್‌ಗೆ ಇರುವುದು 16 ಬೈಟ್. ಕೊನೆಯದು ಹೆಸರು ಮುಗಿಯಿತೆಂದು ಸೂಚಿಸುವ ಶೂನ್ಯಕ್ಕೆ ಮೀಸಲು. ಉಬುಂಟುವಿನ 'ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್' ಸೇವೆಯ ಹೆಸರು ಪಟ್ಟಿಯಲ್ಲಿ 'ಅಪ್‌ಗ್ರ್' ಎಂಬಲ್ಲೇ ತುಂಡಾಗುವುದು ಇದೇ ಕಾರಣಕ್ಕೆ. ಫೈಲಿಗೆ ಕನ್ನಡದ ಹೆಸರಿಟ್ಟರೆ ಜಾಗ ಇನ್ನೂ ಬೇಗ ಮುಗಿಯುತ್ತದೆ: ಯುಟಿಎಫ್-8ರಲ್ಲಿ ಪ್ರತಿ ಅಕ್ಷರ, ಸ್ವರಚಿಹ್ನೆ, ಹಲಂತ ಚಿಹ್ನೆಗೂ (್) 3 ಬೈಟ್ ಬೇಕು. 'ಬ್ಯಾಕಪ್' 21 ಬೈಟ್, ಉಳಿಯುವುದು 'ಬ್ಯಾಕ'.

ಪ್ರೋಸೆಸ್‌ಗಳನ್ನು ಹೆಸರಿನಿಂದ ಹುಡುಕುವ 'ಪಿಗ್ರೆಪ್' ಕಮಾಂಡ್ ಸುಮ್ಮನೆ ಹುಡುಕುವುದೂ ಈ ತುಂಡು ಹೆಸರಿನಲ್ಲೇ. ಎಫ್ ಆಯ್ಕೆ ಕೊಟ್ಟರೆ ಪೂರ್ತಿ ಕಮಾಂಡ್ ಲೈನ್ ನೋಡುತ್ತದೆ, ಎ ಸೇರಿಸಿದರೆ ಅದನ್ನು ತೋರಿಸುತ್ತದೆ ಕೂಡ. ಟಾಪ್‌ನಲ್ಲಿ ಸಿ ಕೀಲಿ ಒತ್ತಿದರೂ ಆದೀತು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಡೀಟೇಲ್ಸ್ ಪುಟಕ್ಕೆ 'ಕಮಾಂಡ್ ಲೈನ್' ಕಾಲಂ ಸೇರಿಸಿಕೊಳ್ಳಬೇಕು.

ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಹೆಸರು ಹಿಡಿದು ಪ್ರೋಸೆಸ್ ನಿಲ್ಲಿಸುವ 'ಕಿಲ್‌ಆಲ್ ಪೈಥಾನ್3' ಹೊಡೆದರೆ ಆ ಹೆಸರಿನಲ್ಲಿ ಓಡುತ್ತಿರುವ ಪರರ ಕೆಲಸಗಳೂ ಹೋದವು. ಪಿಗ್ರೆಪ್‌ನಂತೆಯೇ ಹುಡುಕಿ ನಿಲ್ಲಿಸುವ 'ಪಿಕಿಲ್'ಗೆ ಎಫ್ ಕೊಟ್ಟರೂ ಪೂರ್ತಿ ಭದ್ರವಲ್ಲ. ಅದೇ ಸ್ಕ್ರಿಪ್ಟನ್ನು ಯಾರೋ ವಿಮ್‌ನಲ್ಲಿ ತಿದ್ದುತ್ತಿದ್ದರೆ ಆ ಎಡಿಟರ್ ಕೂಡ ಸಾಯುತ್ತದೆ. ಮೊದಲು ಪಿಗ್ರೆಪ್‌ನಿಂದ ಪಟ್ಟಿ ನೋಡಿ, ನಂತರ ಪಿಐಡಿ (ಪ್ರೋಸೆಸ್‌ನ ಸಂಖ್ಯೆ) ಹಿಡಿದು ನಿಲ್ಲಿಸಿ.

ಪೈಥಾನ್‌ನಲ್ಲಿ 'ಸೆಟ್‌ಪ್ರಾಕ್‌ಟೈಟಲ್' ಪ್ಯಾಕೇಜ್ ಬಳಸಿ, ಪರ್ಲ್‌ನಲ್ಲಿ $0 ಎಂಬ ವೇರಿಯಬಲ್‌ಗೆ ಹೊಸ ಮೌಲ್ಯ ಕೊಟ್ಟು ಹೆಸರು ಬದಲಿಸಬಹುದು. ದಿನವೂ ಓಡುವ ಕೆಲಸವಾದರೆ ಅದನ್ನು, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಸೇವೆಯಾಗಿಸುವುದೇ ಲೇಸು: ಅದು ಪ್ರೋಸೆಸ್‌ಗಳನ್ನು ಸಿಗ್ರೂಪ್ (ಕರ್ನಲ್ ಇಟ್ಟಿರುವ ಪ್ರೋಸೆಸ್‌ಗಳ ಗುಂಪು) ಮೂಲಕ ಗುರುತಿಸುತ್ತದೆ, ಕಾಮ್‌ನಲ್ಲಿ ಏನಿದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ.