ಮೋಡ ಕವಿದಾಗ ಮರುಕಳಿಸುವ ಮನೋದೈಹಿಕ ನೋವು

ಗಾಯ ಮಾಗಿದ ಮೇಲೂ, ಕೆಲವೊಮ್ಮೆ ಗಾಯವೇ ಆಗದಿದ್ದರೂ, ನರಮಂಡಲವು ಅತಿಸೂಕ್ಷ್ಮಗೊಂಡ ಕಾರಣ 3 ತಿಂಗಳಿಗೂ ಮೀರಿ ಉಳಿಯುವ ನೋವನ್ನು ಮನೋದೈಹಿಕ ದೀರ್ಘಕಾಲಿಕ ನೋವು ಎನ್ನಬಹುದು. ಇದು ರೋಗಿಯ ಕಲ್ಪನೆಯೆಂದು ತಳ್ಳಿಹಾಕುವುದು ಅನ್ಯಾಯ.

ಮೋಡ ಕವಿದರೆ ಮಂಡಿ ಹಿಡಿದುಕೊಳ್ಳುತ್ತದೆ, ಥಂಡಿಗಾಳಿ ಬೀಸಿದರೆ ಸೊಂಟ ಸೆಳೆಯುತ್ತದೆ ಎಂದು ಇಂಥವರು ಹೇಳುವುದುಂಟು. ಆಯುರ್ವೇದವೂ ವರ್ಷಋತುವನ್ನು ವಾತ ಪ್ರಕೋಪದ ಕಾಲವೆನ್ನುತ್ತದೆ. ವಾಯುಭಾರ ಕುಸಿದಾಗ ಕೀಲಿನ ಸುತ್ತಲಿನ ಅಂಗಾಂಶ ತುಸು ಹಿಗ್ಗಿ ನೋಯುತ್ತದೆ ಎಂಬುದು ಇದಕ್ಕೆ ಕೊಡುವ ಪ್ರಚಲಿತ ವಿವರಣೆ. ಆದರೆ ಕರಾವಳಿಯಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಗೆ ಬಸ್ಸು ಏರುವಷ್ಟರಲ್ಲಿ ವಾಯುಭಾರ ಹತ್ತಿರಹತ್ತಿರ 70 ಹೆಕ್ಟೊಪಾಸ್ಕಲ್ (ವಾಯುಭಾರ ಅಳೆಯುವ ಮಾನ) ಇಳಿದಿರುತ್ತದೆ. ಮಳೆಗಾಲದ ಸಾಮಾನ್ಯ ದಿನದ ಏರಿಳಿತ ಕೆಲವೇ ಹೆಕ್ಟೊಪಾಸ್ಕಲ್. ವಾಯುಭಾರವೊಂದೇ ಕಾರಣವಾಗಿದ್ದರೆ ಘಟ್ಟ ಹತ್ತಿದವರೆಲ್ಲ ನರಳಬೇಕಿತ್ತು.

ವೈದ್ಯ ಡೊನಾಲ್ಡ್ ರೆಡೆಲ್ಮಯರ್ ಮತ್ತು ಮನೋವಿಜ್ಞಾನಿ ಆಮೊಸ್ ಟ್ವರ್ಸ್ಕಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 15 ತಿಂಗಳು ಗಮನಿಸಿದ 18 ಮಂದಿ ಸಂಧಿವಾತ ರೋಗಿಗಳ ನೋವಿಗೂ ಹವೆಗೂ ನಂಟು ಕಾಣಲಿಲ್ಲ. ಆದರೂ ನಂಟಿದೆ ಎನಿಸುವುದೇಕೆಂದರೆ, ಮೋಡವಿದ್ದು ನೋವಾದ ದಿನ ನೆನಪಿನಲ್ಲಿ ಉಳಿಯುತ್ತದೆ, ಬಿಸಿಲಿನಲ್ಲಿ ನೋವಾದ ದಿನ ಮರೆತುಹೋಗುತ್ತದೆ. ಅಲ್ಲಿಗೇ ವಿಷಯ ಮುಗಿಯಲಿಲ್ಲ. ಬ್ರಿಟನ್ನಿನಲ್ಲಿ 2,658 ಮಂದಿ ಮೊಬೈಲ್‌ನಲ್ಲಿ ದಿನದಿನವೂ ದಾಖಲಿಸಿದ ನೋವನ್ನು ಪರಿಶೀಲಿಸಿದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡ, ತೇವಾಂಶ ಮತ್ತು ಗಾಳಿಯ ವೇಗ ಹೆಚ್ಚಿ ವಾಯುಭಾರ ತಗ್ಗಿದ ದಿನಗಳಲ್ಲಿ ನೋವಿನ ಸಂಭವ ಸ್ವಲ್ಪ ಏರುತ್ತದೆಂದು 2019ರಲ್ಲಿ ತೋರಿಸಿತು. ಮನಃಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಅಳಿಯಲಿಲ್ಲ. ಅದು ಇದೆ, ಆದರೆ ರೋಗಿಗಳು ನಂಬಿರುವಷ್ಟು ದೊಡ್ಡದಲ್ಲ ಎಂಬುದೇ ನನಗೆ ಒಪ್ಪಿಗೆಯಾಗುವ ಓದು.

ಉಳಿದದ್ದನ್ನು ಮಿದುಳಿನ ಕಲಿಕೆ ತುಂಬುತ್ತದೆ. ಗಂಟೆಯ ಸದ್ದಿಗೇ ಜೊಲ್ಲು ಸುರಿಸಲು ಕಲಿತ ಪಾವ್ಲೋವನ ನಾಯಿಗಳಂತೆ, ಹಲವು ಬಾರಿ ಮೋಡ ಮತ್ತು ನೋವು ಒಟ್ಟಿಗೆ ಬಂದರೆ ನರಮಂಡಲವು ಮೋಡವನ್ನೇ ಅಪಾಯದ ಸೂಚನೆಯೆಂದು ಓದತೊಡಗುತ್ತದೆ. ಭಯದಿಂದ ಸ್ನಾಯುಗಳು ಬಿಗಿಯುತ್ತವೆ, ಗಮನವೆಲ್ಲ ಮಂಡಿಯ ಮೇಲೇ ನೆಡುತ್ತದೆ, ನಡಿಗೆ ನಿಲ್ಲುತ್ತದೆ, ನಿದ್ದೆ ಕೆಡುತ್ತದೆ, ನಿರೀಕ್ಷಿಸಿದ ನೋವು ಬಂದೇ ಬರುತ್ತದೆ. ಕೆಡುಕನ್ನು ನಿರೀಕ್ಷಿಸುವುದರಿಂದಲೇ ಕೆಡುಕಾಗುವ ಈ ಬಗೆಯನ್ನು ವೈದ್ಯರು ನೊಸೀಬೋ ಪರಿಣಾಮವೆನ್ನುತ್ತಾರೆ.

ತಮ್ಮ ವಿಷಯದಲ್ಲಿ ಯಾವುದರ ಪಾಲು ಎಷ್ಟೆಂದು ಅರಿಯಬಯಸುವವರು ಮುನ್ಸೂಚನೆ ನೋಡುವ ಮೊದಲೇ ಆ ದಿನದ ನೋವನ್ನು ಬರೆದಿಟ್ಟು, ತಿಂಗಳ ಕೊನೆಯಲ್ಲಿ ಹವಾಮಾನ ದಾಖಲೆಯೊಂದಿಗೆ ಹೋಲಿಸಬಹುದು. ಕೀಲು ಊದಿ ಕೆಂಪಾಗಿದ್ದರೆ ಅಥವಾ ಜ್ವರವಿದ್ದರೆ ಮೋಡವನ್ನು ದೂರುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.