ಹತ್ತುವಾಗ ಉಸಿರು ಸೋಲತ್ತೆ, ಇಳಿಯುವಾಗ ತೊಡೆ

ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಮುದ್ರದಲ್ಲಿ ಲಾ ಪಾಲ್ಮಾ ಅಂತ ಒಂದು ಸಣ್ಣ ದ್ವೀಪ ಇದೆ, ಸ್ಪೇನ್‌ಗೆ ಸೇರಿದ್ದು. 2021ರ ಸೆಪ್ಟೆಂಬರ್‌ನಲ್ಲಿ ಜ್ವಾಲಾಮುಖಿ ಸಿಡಿದು 85 ದಿನ ಲಾವಾ ಹರಿದು ಮನೆಗಳು, ಬಾಳೆತೋಟಗಳೆಲ್ಲ ಮುಚ್ಚಿಹೋಗಿದ್ದನ್ನ ಟಿವಿಯಲ್ಲಿ ನೋಡಿರ್ತೀರಿ, ಅದೇ ದ್ವೀಪ. 2009ರಿಂದ ಅಲ್ಲಿ ಟ್ರಾನ್ಸ್‌ವುಲ್ಕೇನಿಯಾ ಅನ್ನೋ ಓಟ ನಡೀತಿದೆ. ದೂರ ಸುಮಾರು 74 ಕಿಲೋಮೀಟರ್, ಅಂದ್ರೆ ಮ್ಯಾರಥಾನ್‌ಗಿಂತ ಬಹಳ ಜಾಸ್ತಿ, ಒಟ್ಟು ಏರು 4300 ಮೀಟರ್‌ಗೂ ಮೇಲೆ.

ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ದಕ್ಷಿಣದ ತುದಿಯ ಫ್ಯುಯೆನ್‌ಕಾಲಿಯೆಂಟೆ ಲೈಟ್‌ಹೌಸ್ ಹತ್ರ, ಅಲೆ ಸದ್ದು ಕೇಳೋವಷ್ಟು ಸಮುದ್ರದ ಪಕ್ಕದಲ್ಲಿ ಓಟ ಶುರು ಆಗತ್ತೆ. ಕಾಲ ಕೆಳಗೆ 1971ರಲ್ಲಿ ಟೆನೆಗಿಯಾ ಜ್ವಾಲಾಮುಖಿ ಉಗುಳಿದ ಕಪ್ಪು ಬೂದಿ, ಜಲ್ಲಿ, ಒಂದು ಹೆಜ್ಜೆ ಮುಂದಿಟ್ರೆ ಅರ್ಧ ಹೆಜ್ಜೆ ಹಿಂದೆ ಜಾರತ್ತೆ. ಮೇಲೆ ಹೋಗ್ತಾ ಪೈನ್ ಕಾಡು, ಅಲ್ಲಿ ಮೋಡ ಸೀದಾ ಮರಗಳ ಒಳಗೇ ನುಗ್ಗತ್ತೆ, ಆ ಉದ್ದುದ್ದ ಸೂಜಿ ಎಲೆಗಳಿಗೆ ಮಂಜು ತಾಗಿ ಹನಿಯಾಗಿ ತೊಟ್ಟಿಕ್ಕಿ ಮಳೆ ಇಲ್ದಿದ್ರೂ ಮರದ ಬುಡ ಒದ್ದೆ ಆಗಿರತ್ತೆ. ಇನ್ನೂ ಮೇಲೆ ಹೋದ್ರೆ ಮೋಡ ಕಾಲ ಕೆಳಗೆ ಬಿಳಿ ಸಮುದ್ರದ ಥರ ಹಾಸಿಕೊಂಡಿರತ್ತೆ, ತಲೆ ಮೇಲೆ ಶುದ್ಧ ನೀಲಿ. ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದ ಥರ ಕೂತು ಕೆಳಗಿನ ಒದ್ದೆ ಗಾಳಿ ಮೇಲೇಳೋಕೆ ಬಿಡಲ್ಲ, ಹಾಗಾಗಿ ಮೋಡ ಅಲ್ಲೇ ನಿಲ್ಲತ್ತೆ. ಈ ಕಾರಣಕ್ಕೇ 2426 ಮೀಟರ್ ಎತ್ತರದ ರೋಕೆ ದೆ ಲೊಸ್ ಮುಚಾಚೋಸ್ ಶಿಖರದ ಪಕ್ಕದಲ್ಲಿ 10.4 ಮೀಟರ್ ಕನ್ನಡಿಯ ದೊಡ್ಡ ಟೆಲಿಸ್ಕೋಪ್ ಕಟ್ಟಿದ್ದಾರೆ. ಓಟಗಾರರು ಅದೇ ಶಿಖರಕ್ಕೆ ಹತ್ತಬೇಕು, ಅಷ್ಟರಲ್ಲಿ 50 ಕಿಲೋಮೀಟರ್ ದಾಟಿರತ್ತೆ. ಗಾಳಿಯ ಒತ್ತಡ ಅಲ್ಲಿ ಸಮುದ್ರ ಮಟ್ಟದ ಮುಕ್ಕಾಲು ಭಾಗ, ಅಂದ್ರೆ ಪ್ರತಿ ಉಸಿರಲ್ಲೂ ಆಕ್ಸಿಜನ್ ಕಾಲು ಭಾಗ ಕಮ್ಮಿ.

ಇಷ್ಟು ಕೇಳಿದ್ಮೇಲೆ ಶಿಖರ ಮುಟ್ಟಿದ್ರೆ ಕಷ್ಟ ಮುಗೀತು, ಇನ್ನು ಇಳಿಯೋದೇ ಅಲ್ವಾ ಅಂತ ಯಾರಿಗಾದ್ರೂ ಅನ್ಸತ್ತೆ. ನನಗೆ ಈ ಓಟದಲ್ಲಿ ತುಂಬಾ ಕುತೂಹಲ ಇರೋದು ಆ ಇಳಿಯೋ ಭಾಗದ ಬಗ್ಗೆನೇ.

ಮೊದಲು ಲೆಕ್ಕ ನೋಡೋಣ. ಆಲ್ಬರ್ಟೋ ಮಿನೆಟ್ಟಿ ಅನ್ನೋ ವಿಜ್ಞಾನಿ ಮತ್ತು ಅವರ ತಂಡದವರು 2002ರಲ್ಲಿ ಬೆಟ್ಟ ಓಡೋದ್ರಲ್ಲಿ ಪಳಗಿದವರನ್ನ ಟ್ರೆಡ್‌ಮಿಲ್ ಮೇಲೆ ಬೇರೆ ಬೇರೆ ಇಳಿಜಾರಲ್ಲಿ ಓಡಿಸಿ, ನಡೆಸಿ, ಎಷ್ಟು ಶಕ್ತಿ ಖರ್ಚಾಗತ್ತೆ ಅಂತ ಅಳೆದ್ರು. ಸಮತಟ್ಟು ನೆಲದಲ್ಲಿ ಓಡಿದ್ರೆ ದೇಹದ ಒಂದು ಕೆಜಿ ತೂಕವನ್ನ ಒಂದು ಮೀಟರ್ ಸಾಗಿಸೋಕೆ ಸುಮಾರು 3.4 ಜೂಲ್ ಬೇಕು. ಶೇಕಡ 45ರ ಏರಲ್ಲಿ, ಅಂದ್ರೆ 100 ಮೀಟರ್ ಮುಂದೆ ಹೋಗೋದ್ರಲ್ಲಿ 45 ಮೀಟರ್ ಮೇಲೇರೋ ಕಡೆ, ಅದು 19ರ ಹತ್ರ ಹೋಗತ್ತೆ, ಅಲ್ಲಿ ನಡೆಯೋದಕ್ಕೂ ಓಡೋದಕ್ಕೂ ಖರ್ಚಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ನಡೆಯೋದೇ ಸ್ವಲ್ಪ ಅಗ್ಗ. ಒಳ್ಳೊಳ್ಳೆ ಓಟಗಾರರೂ ಕಡಿದಾದ ಜಾಗದಲ್ಲಿ ಎರಡೂ ಕೈ ತೊಡೆ ಮೇಲೆ ಊರಿ ನಡೀತಾರಲ್ಲ, ಸುಸ್ತಾಗಿ ಅಂತ ಅಂದ್ಕೋಬೇಡಿ, ಶಕ್ತಿ ಉಳಿಸೋಕೆ. ಇನ್ನು ಶೇಕಡ 20ರ ಇಳಿಜಾರಲ್ಲಿ ಖರ್ಚು ಬರೀ 1.7 ಜೂಲ್, ಅಂದ್ರೆ ಸಮತಟ್ಟಿನ ಅರ್ಧ.

ಹಾಗಾದ್ರೆ ಇಳಿಯೋದು ಅಗ್ಗ ತಾನೆ? ಊಟದ ಲೆಕ್ಕದಲ್ಲಿ, ಉಸಿರಿನ ಲೆಕ್ಕದಲ್ಲಿ ಹೌದು. ಸ್ನಾಯುವಿನ ಲೆಕ್ಕ ಬೇರೇನೇ.

ತುಂಬಿದ ಕೊಡವನ್ನ ಸೊಂಟದಿಂದ ಸದ್ದಾಗದ ಹಾಗೆ ನಿಧಾನಕ್ಕೆ ನೆಲಕ್ಕೆ ಇಳಿಸೋದನ್ನ ನೆನಪಿಸ್ಕೊಳ್ಳಿ. ತೋಳು ಬಿಗಿಯಾಗಿ ಹಿಡ್ಕೊಂಡಿರತ್ತೆ, ಆದ್ರೆ ಸ್ನಾಯು ಕುಗ್ತಾ ಇಲ್ಲ, ಭಾರಕ್ಕೆ ಎಳೆಸ್ಕೊಂಡು ಉದ್ದ ಆಗ್ತಾ ಇದೆ. ಮೆಟ್ಟಿಲು ಇಳಿಯುವಾಗ ಅಂಗೈನ ತೊಡೆಯ ಮುಂಭಾಗಕ್ಕೆ ಒತ್ತಿ ಹಿಡಿದು ನೋಡಿ, ಮೇಲಿನ ಮೆಟ್ಟಿಲಲ್ಲಿರೋ ಕಾಲಿನ ಮೊಣಕಾಲು ಮಡಚ್ತಾ ಹೋದ ಹಾಗೆ ಒಳಗಿನ ಸ್ನಾಯು ಗಟ್ಟಿಯಾಗೋದು ಕೈಗೇ ಗೊತ್ತಾಗತ್ತೆ. ಅದು ಬ್ರೇಕ್ ಹಾಕೋ ಕೆಲಸ. ಹೀಗೆ ಉದ್ದ ಆಗ್ತಾ ಬಿಗಿಯೋ ಸ್ನಾಯುವಿಗೆ ಆಕ್ಸಿಜನ್ ಕಮ್ಮಿ ಸಾಕು. 1952ರಲ್ಲಿ ಇಂಗ್ಲೆಂಡಿನ ಆಬಟ್, ಬಿಗ್‌ಲ್ಯಾಂಡ್, ರಿಚೀ ಅನ್ನೋ ಮೂವರು ಎರಡು ಸೈಕಲ್‌ನ ಬೆನ್ನಿಗೆ ಬೆನ್ನು ಇಟ್ಟು ಒಂದೇ ಚೈನಲ್ಲಿ ಜೋಡಿಸಿದ್ರು, ಒಬ್ರು ಮುಂದಕ್ಕೆ ಪೆಡಲ್ ತುಳೀಬೇಕು, ಇನ್ನೊಬ್ರು ಅದನ್ನ ತಡೀಬೇಕು, ಇಬ್ಬರ ಕಾಲಿನ ಮೇಲೂ ಬೀಳೋ ಬಲ ಒಂದೇ. ತಡೆಯೋರಿಗೆ ಬೇಕಾದ ಆಕ್ಸಿಜನ್ ಹಲವು ಪಟ್ಟು ಕಮ್ಮಿ. ಸಣ್ಣ ಮೈಕಟ್ಟಿನ ಹೆಂಗಸೊಬ್ರು ತಡೀತಾ ಕೂತು ದೊಡ್ಡ ಆಳನ್ನ ಸುಸ್ತು ಮಾಡಿಬಿಡಬಹುದಿತ್ತು!

ಕಮ್ಮಿ ಖರ್ಚಿಗೆ ಕಾರಣ ಏನಂದ್ರೆ ಅದೇ ಭಾರ ಹಿಡಿಯೋಕೆ ಸ್ನಾಯುವಿನ ಕಮ್ಮಿ ಎಳೆಗಳು ಸಾಕಾಗತ್ತೆ. ತೊಂದರೆಯ ಮೂಲವೂ ಅದೇ, ಕೆಲವೇ ಎಳೆಗಳ ಮೇಲೆ ಅಷ್ಟೂ ಭಾರ ಬೀಳತ್ತೆ, ಒಳಗಿನ ಸೂಕ್ಷ್ಮ ಜೋಡಣೆ ಅಲ್ಲಲ್ಲಿ ಮಿತಿ ಮೀರಿ ಹಿಗ್ಗಿ ಹರಿಯತ್ತೆ.

ಈಗ ಲಾ ಪಾಲ್ಮಾಗೆ ವಾಪಸ್ ಬನ್ನಿ. ಶಿಖರದಿಂದ ತಸಕೋರ್ತೆ ಬಂದರಿನ ತನಕ ಸುಮಾರು 18 ಕಿಲೋಮೀಟರಲ್ಲಿ 2400 ಮೀಟರ್ ಇಳಿಬೇಕು, ನೇರ ಸಮುದ್ರಕ್ಕೆ. ಹೆಜ್ಜೆಗೆ ಒಂದು ಮೀಟರ್ ಅಂತ ಹಿಡಿದ್ರೆ 18 ಸಾವಿರ ಹೆಜ್ಜೆ, ಪ್ರತಿ ಹೆಜ್ಜೆಗೂ 13 ಸೆಂಟಿಮೀಟರ್ ಕೆಳಗೆ, ಮನೆ ಮೆಟ್ಟಿಲಿಗಿಂತ ಸ್ವಲ್ಪ ಕಮ್ಮಿ ಅಷ್ಟೇ. ದೇಹದ ತೂಕ 70 ಕೆಜಿ ಇದ್ರೆ ಈ ಇಳಿತದಲ್ಲಿ ಬಿಡುಗಡೆ ಆಗೋ ಶಕ್ತಿಯಿಂದ ಐದು ಲೀಟರ್ ತಣ್ಣೀರನ್ನ ಕುದಿಸಬಹುದು, ಅದರಲ್ಲಿ ಬಹುಪಾಲನ್ನ ಕಾಲುಗಳೇ ನುಂಗಿಕೊಂಡು ಬಿಸಿಯಾಗಿ ಹೊರಹಾಕಬೇಕು. ಕೊನೆಗಂತೂ ಎಲ್ ಟೀಮೆ ಬಂಡೆಯ ಮುಖದಲ್ಲಿ ಕಲ್ಲು ಹಾಸಿದ ದಾರಿ ಹಾವಿನ ಥರ ತಿರುಗ್ತಾ ತಿರುಗ್ತಾ ಬಂದರಿಗೆ ಇಳಿಯತ್ತೆ, ಪ್ರತಿ ತಿರುವಿಗೂ ಗಟ್ಟಿ ಬ್ರೇಕ್, ಬೆರಳು ಶೂ ತುದಿಗೆ ಬಡೀತಾ ಉಗುರು ಕಪ್ಪಾಗೋದು ಇಂಥ ಕಡೆನೇ.

ನೋವು ಆಗಲೇ ಪೂರ್ತಿ ಗೊತ್ತಾಗಲ್ಲ, ಒಂದರಿಂದ ಮೂರು ದಿನದಲ್ಲಿ ಜೋರಾಗತ್ತೆ. ಕುಮಾರ ಪರ್ವತ ಇಳಿದು ಬಂದ ಮಾರನೇ ದಿನ ಮೆಟ್ಟಿಲು ಇಳಿಯೋಕೆ ಕಂಬಿ ಹಿಡ್ಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಇವತ್ತಿಗೂ ಎಷ್ಟೋ ಜನ ಹೇಳ್ತಾರೆ, ದಯವಿಟ್ಟು ನಂಬಬೇಡಿ, ಅದು ಓಟ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೋಗಿರತ್ತೆ. ನೋವು ಹರಿದ ಎಳೆಗಳ ರಿಪೇರಿದು.

ಖುಷಿಯ ವಿಷಯ ಅಂದ್ರೆ ಸ್ನಾಯು ಇದನ್ನ ನೆನಪಿಟ್ಕೊಳ್ಳತ್ತೆ. ಒಂದು ಸಲ ಹದವಾಗಿ ಇಳಿಜಾರು ಓಡಿ ನೋವು ತಿಂದು ಸುಧಾರಿಸ್ಕೊಂಡ್ರೆ ಮುಂದಿನ ಕೆಲವು ವಾರ ಅದೇ ಇಳಿತಕ್ಕೆ ಬಹಳ ಕಮ್ಮಿ ಪೆಟ್ಟಾಗತ್ತೆ. ಹಾಗಾಗಿ ಇಂಥ ಓಟಕ್ಕೆ ತಯಾರಾಗೋರು ಬರೀ ಹತ್ತೋದನ್ನ ಅಭ್ಯಾಸ ಮಾಡಿದ್ರೆ ಸಾಲದು, ಕೆಲವು ವಾರ ಮುಂಚೆಯೇ ಇಳಿಯೋದನ್ನೂ ಓಡಬೇಕು, ಹೆಜ್ಜೆ ಚಿಕ್ಕದು, ಬೇಗ ಬೇಗ.

ಯಾಕಂದ್ರೆ ಓಟ ಬಂದರಿನಲ್ಲಿ ಮುಗಿಯಲ್ಲ. ಫಿನಿಶ್ ಇರೋದು ಲೊಸ್ ಯಾನೋಸ್ ಊರಲ್ಲಿ, ಸಮುದ್ರದಿಂದ ಮತ್ತೆ ಮುನ್ನೂರು ಮೀಟರ್‌ಗೂ ಮೇಲೆ, ಇಳಿದಿಳಿದು ಹರಿದ ಅದೇ ತೊಡೆಯಲ್ಲಿ ಬಾಳೆತೋಟಗಳ ನಡುವೆ ಹತ್ತಿಕೊಂಡು ಹೋಗಬೇಕು.