ಗ್ಲುಟೆನ್‌ರಹಿತ ಬ್ರೆಡ್: ಪೊಟ್ಟಣದ ಹಿಂಬದಿಯಲ್ಲಿ ಏನಿದೆ?

ಸೀಲಿಯಾಕ್ ಕಾಯಿಲೆ (ಗ್ಲುಟೆನ್ ಎಂಬ ಧಾನ್ಯದ ಪ್ರೋಟೀನು ಕರುಳಿಗೆ ಒಗ್ಗದ ಕಾಯಿಲೆ) ಖಚಿತವಾಗಿ ಆಹಾರ ಸಲಹೆಗೆ ಬರುವವರಿಗೆ, ಮನೆಯಲ್ಲಿರುವ ತಿಂಡಿ ಪೊಟ್ಟಣಗಳನ್ನೆಲ್ಲ ಮುಂದಿನ ಸಲ ಚೀಲದಲ್ಲಿ ತುಂಬಿಕೊಂಡು ಬನ್ನಿ ಎಂದು ಹೇಳುವುದು ನನ್ನ ರೂಢಿ. ಹಾಗೆ ಒಬ್ಬರು ತಂದ ಚೀಲವನ್ನು ಮೇಜಿನ ಮೇಲೆ ಸುರಿದಾಗ, ಮುಂಬದಿಯಲ್ಲಿ ‘ಗೋಧಿ ಇಲ್ಲ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಕಾರ್ನ್‌ಫ್ಲೇಕ್ಸ್ ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ ಬಾರ್ಲಿ ಮಾಲ್ಟ್ ಸಾರ ಸದ್ದಿಲ್ಲದೆ ಕುಳಿತಿತ್ತು. ಮೆಕ್ಕೆಜೋಳದಲ್ಲಿ ತೊಂದರೆ ಕೊಡುವ ಗ್ಲುಟೆನ್ ಇಲ್ಲವೆಂಬ ಅವರ ತಿಳಿವಳಿಕೆ ಸರಿಯೇ ಆಗಿತ್ತು. ರುಚಿಗೆಂದು ಬೆರೆಸಿದ ಮಾಲ್ಟ್‌ನಲ್ಲಿ ಅದು ಇತ್ತು. ಪಥ್ಯದಲ್ಲಿದ್ದೇನೆ ಎಂಬ ಭರವಸೆಯಲ್ಲೇ ಅವರು ತಿಂಗಳುಗಟ್ಟಲೆ ಪ್ರತಿದಿನ ಬೆಳಿಗ್ಗೆ ಅದನ್ನು ತಿಂದಿದ್ದರು.

ಗೋಧಿ, ಬಾರ್ಲಿ ಮತ್ತು ರೈ, ಈ ಮೂರು ಧಾನ್ಯಗಳ ಗ್ಲುಟೆನ್ ಪ್ರೋಟೀನೂ ಸೀಲಿಯಾಕ್ ಇರುವವರ ಸಣ್ಣಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಆದ್ದರಿಂದ ‘ಗೋಧಿರಹಿತ’ ಎಂಬ ಮಾತಿಗೂ ‘ಗ್ಲುಟೆನ್‌ರಹಿತ’ ಎಂಬ ಮಾತಿಗೂ ನಡುವೆ ಅಂತರವಿದೆ. ಸ್ಪೆಲ್ಟ್, ಟ್ರಿಟಿಕೇಲ್, ಕೂಸ್‌ಕೂಸ್ ಇವೆಲ್ಲ ಗೋಧಿ ಅಥವಾ ಅದರ ಬಳಗದವೇ. ತಮಾಷೆಯೆಂದರೆ, ಹೆಸರಿನಲ್ಲೇ ಗೋಧಿಯನ್ನು ಹೊತ್ತ ಬಕ್‌ವೀಟ್ ಗೋಧಿಯ ಕುಲಕ್ಕೆ ಸೇರಿದ್ದೇ ಅಲ್ಲ. ಬೇರೆ ಹಿಟ್ಟು ಬೆರೆತಿರದಿದ್ದರೆ ಅದನ್ನು ಧಾರಾಳವಾಗಿ ತಿನ್ನಬಹುದು.

ಕೋಡೆಕ್ಸ್ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ‘ಗ್ಲುಟೆನ್‌ರಹಿತ’ ಎನಿಸಿಕೊಳ್ಳಬೇಕಾದ ಆಹಾರದ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಈ ಲೆಕ್ಕದಲ್ಲಿ 30 ಗ್ರಾಂ ತೂಕದ ಒಂದು ಹೋಳು ಬ್ರೆಡ್ಡಿನಲ್ಲಿ ಹೆಚ್ಚೆಂದರೆ 0.6 ಮಿಲಿಗ್ರಾಂ ಇದ್ದೀತು. ಅಷ್ಟೇ ತೂಕದ ಸಾಮಾನ್ಯ ಗೋಧಿ ಬ್ರೆಡ್ಡಿನಲ್ಲಿ ಅದು ಗ್ರಾಂಗಳ ಲೆಕ್ಕದಲ್ಲಿರುತ್ತದೆ. ಸೀಲಿಯಾಕ್ ಇರುವ ಬಹುತೇಕರಿಗೆ ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಅಪಾಯ ಕಡಿಮೆ ಎಂಬುದು ವೈದ್ಯಲೋಕದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಮಿತಿ. ಗೋಧಿ ಬ್ರೆಡ್ಡಿನ ನಾಲ್ಕಾರು ಪುಡಿಗಳೇ ಆ ಮಿತಿಯನ್ನು ತಲುಪಿಸಿಬಿಡಬಲ್ಲವು. ಹೀಗಾಗಿ ದುಬಾರಿ ಬ್ರೆಡ್ ಕೊಂಡು ತಂದು, ಮನೆಯವರೆಲ್ಲ ಬಳಸುವ ಟೋಸ್ಟರಿನಲ್ಲೇ ಅದನ್ನು ಸುಟ್ಟರೆ ಕೊಂಡ ಹಣವೂ ಪಥ್ಯವೂ ವ್ಯರ್ಥವಾಗುವ ಸಂಭವವಿದೆ. ಓಟ್ಸ್ ವಿಷಯವೂ ಇಂಥದ್ದೇ: ಹೊಲದಲ್ಲಿ, ಗಿರಣಿಯಲ್ಲಿ ಅದಕ್ಕೆ ಗೋಧಿ, ಬಾರ್ಲಿ ಬೆರೆಯುವ ಸಂಭವ ಹೆಚ್ಚಿರುವುದರಿಂದ ಗ್ಲುಟೆನ್‌ರಹಿತವೆಂದು ಪ್ರಮಾಣೀಕರಿಸಿದ ಓಟ್ಸನ್ನೇ ಕೊಳ್ಳಬೇಕು. ಅದೂ ಒಗ್ಗದವರು ಕೆಲವರಿದ್ದಾರೆ.

ಸುರಕ್ಷಿತವಾದ ಬ್ರೆಡ್ಡೆಲ್ಲ ಒಳ್ಳೆಯ ಬ್ರೆಡ್ಡಲ್ಲ ಎಂಬುದನ್ನು ಮಾತ್ರ ನಾನು ಎಷ್ಟು ಹೇಳಿದರೂ ಕೊಳ್ಳುವವರ ಕಿವಿಗೆ ಬೀಳುವುದು ತಡವಾಗಿ. ಹಿಟ್ಟಿಗೆ ಜಿಗುಟು ಕೊಟ್ಟು ಗಾಳಿಯನ್ನು ಹಿಡಿದಿಡುವುದು ಗ್ಲುಟೆನ್. ಅದು ಇಲ್ಲದಿದ್ದಾಗ ತಯಾರಕರು ಕ್ಸಾಂಥನ್ ಗಮ್, ಇಸಬ್ಗೋಲ್ ಹೊಟ್ಟು ಮುಂತಾದವುಗಳ ಮೊರೆಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ; ಇಸಬ್ಗೋಲ್ ಇದ್ದರಂತೂ ನಾರಿನಂಶವೂ ಸಿಗುತ್ತದೆ. ತಕರಾರು ಇರುವುದು ಪಟ್ಟಿಯ ಮೊದಲ ಮೂರು ಸ್ಥಾನಗಳನ್ನೂ ಮರಗೆಣಸಿನ ಪಿಷ್ಟ, ಆಲೂಗಡ್ಡೆ ಪಿಷ್ಟ, ಸಕ್ಕರೆಗಳೇ ಹಿಡಿದುಕೊಂಡಾಗ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದರಿಂದ, ಮೊದಲ ಹೆಸರು ಇಡೀ ಧಾನ್ಯದ ಹಿಟ್ಟಿನದಾಗಿರುವ ಬ್ರೆಡ್ಡನ್ನು ನಾನು ಆರಿಸುತ್ತೇನೆ. 100 ಗ್ರಾಂಗೆ 6 ಗ್ರಾಂ ನಾರಿದ್ದರೆ ಇನ್ನೂ ಸಂತೋಷ. ಕಬ್ಬಿಣಾಂಶ ಮತ್ತು ಬಿ ಗುಂಪಿನ ಜೀವಸತ್ವಗಳನ್ನು ಸೇರಿಸಿದ್ದಾರೆಯೇ ಎಂದೂ ನೋಡಬೇಕು, ಏಕೆಂದರೆ ಕರುಳು ಇನ್ನೂ ಚೇತರಿಸಿಕೊಳ್ಳುತ್ತಿರುವವರಲ್ಲಿ ಆ ಕೊರತೆಗಳು ಸಾಮಾನ್ಯ.

ಇಂಥ ಬ್ರೆಡ್ ಬೇಗ ಒಣಗಿ ಪುಡಿಯಾಗುತ್ತದೆ, ಫ್ರಿಜ್ಜಿನ ತಂಪಿನಲ್ಲಿ ಪಿಷ್ಟ ಇನ್ನೂ ಬೇಗ ಗಟ್ಟಿಯಾಗುತ್ತದೆ. ತಂದ ದಿನವೇ ಹೋಳುಗಳನ್ನು ಬಿಡಿಸಿ ಫ್ರೀಜರಿನಲ್ಲಿಟ್ಟು, ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿಕೊಳ್ಳುವುದು ಒಳ್ಳೆಯದು.

ಕುರುಕಲು ತಿಂಡಿಗಳಲ್ಲಿ ಕಾಯಿಬೀಜ, ಹಣ್ಣುಗಳಂತಹ ಸರಳ ವಸ್ತುಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಚಿಪ್ಸ್‌ಗೆ ಉದುರಿಸುವ ಮಸಾಲೆಯಲ್ಲಿ ಗೋಧಿಹಿಟ್ಟೋ ಗೋಧಿಯಿಂದಾದ ಸೋಯಾ ಸಾಸಿನ ಪುಡಿಯೋ ಇರಬಹುದು. ಬಿಡಿಯಾಗಿ ಮಾರುವ ಕರಿದ ತಿಂಡಿಯಾದರೆ ಅದೇ ಎಣ್ಣೆಯಲ್ಲಿ ಇನ್ನೇನು ಕರಿದರು ಎಂದು ಕೇಳಬೇಕು. ತಯಾರಕರು ಪದಾರ್ಥಗಳನ್ನು ಯಾವಾಗ ಬೇಕಾದರೂ ಬದಲಿಸುವುದರಿಂದ, ವರ್ಷಗಳಿಂದ ತಿನ್ನುತ್ತಿರುವ ಬಿಸ್ಕತ್ತಿನ ಪೊಟ್ಟಣವನ್ನೂ ಪ್ರತಿ ಸಲ ತಿರುಗಿಸಿ ಓದಿಯೇ ಕೊಳ್ಳಬೇಕು.